ಹೊಳೆ ದಂಡೆಯ ಈ ಬಿಳಿಯೆಲ್ಲ ಮಂಜೇನಾ? ಶ್ರೀರಂಗಪಟ್ಟಣದ ಮಾಗಿ ಕಾಲದ ಗಾಳಿಯ ಬಗ್ಗೆ

ಗಂಜಾಂ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗಂಜಾಂನಲ್ಲಿ. ನಿಮಿಷಾಂಬ ದೇವಸ್ಥಾನಕ್ಕೆ ನಡೆದುಕೊಂಡೇ ಹೋಗಬಹುದು. ಮದುವೆಯಾಗಿ ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯಿತು. ಒಂದು ವಿಷಯ ಕೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಮಾವನವರಿಗೆ ಎಪ್ಪತ್ತೊಂದು ವರ್ಷ. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವರಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಸಂಗಮದ ಕಡೆ ನಡೆದು ಬರುವುದು ಅವರ ಅಭ್ಯಾಸ. ದೀಪಾವಳಿ ಕಳೆಯುತ್ತಿದ್ದ ಹಾಗೆ ಅವರಿಗೆ ಕೆಮ್ಮು ಶುರುವಾಗುತ್ತದೆ. ಸಂಕ್ರಾಂತಿ ಹೊತ್ತಿಗೆ ರಾತ್ರಿಯೆಲ್ಲ ಕೂತೇ ಇರುತ್ತಾರೆ. ಶಿವರಾತ್ರಿ ಕಳೆದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಅವರನ್ನು ನೋಡಿದರೆ ಇವರಿಗೆ ಕಾಯಿಲೆ ಇತ್ತಾ ಅನ್ನಿಸಬೇಕು, ಅಷ್ಟು ಚೆನ್ನಾಗಿರುತ್ತಾರೆ. ಮೂರು ವರ್ಷದಿಂದ ಇದೇ ಕತೆ. ತೋರಿಸಿದ ಕಡೆ "ವಯಸ್ಸಾಯಿತು, ಚಳಿಗೆ ಹೀಗೇ" ಅಂತ ಸಿರಪ್ ಬರೆದುಕೊಟ್ಟು ಕಳಿಸಿದರು.

ನನಗೆ ಅನುಮಾನ ಬಂದದ್ದು ರಂಗೋಲಿಯಿಂದ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತೇನೆ. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಕರಿ ಎಳೆಗಳು ಬಿದ್ದಿರುತ್ತವೆ. ಉದ್ದಕ್ಕೆ, ಸುರುಳಿ ಸುತ್ತಿಕೊಂಡು. ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಮೆತ್ತಿಕೊಳ್ಳುತ್ತವೆ. ಮಹಡಿ ಮೇಲೆ ಒಣಹಾಕಿದ ಬಟ್ಟೆಗೆ ಹೊಗೆ ವಾಸನೆ. ಆ ಹೊತ್ತಿನಲ್ಲಿ ಹೊಳೆ ಕಡೆ ನೋಡಿದರೆ ಎಲ್ಲ ಬಿಳಿ. ಎಲ್ಲರೂ "ಏನು ಮಂಜು ಕಣಮ್ಮ ಇವತ್ತು" ಅನ್ನುತ್ತಾರೆ. ಆದರೆ ಮಂಜಿಗೆ ವಾಸನೆ ಇರುತ್ತಾ? ನನ್ನ ತವರು ಸಕಲೇಶಪುರದ ಕಡೆ. ಅಲ್ಲಿ ಮಂಜಿನಲ್ಲೇ ಬೆಳೆದವಳು ನಾನು. ಅದಕ್ಕೆ ವಾಸನೆ ಇರಲಿಲ್ಲ.

ಇದು ಏನು, ಯಾಕೆ ಈ ನಾಲ್ಕು ತಿಂಗಳು ಮಾತ್ರ, ನಾವು ಏನಾದರೂ ಮಾಡಬಹುದಾ? ತಿಳಿದವರು ಹೇಳಿ.

ಪೇಟೆ ಬೀದಿ

ಅಕ್ಕ, ನಾವೂ ಇದೇ ಊರು. ನನ್ನ ಅಂಗಡಿ ಹಳೆ ಬೆಂಗಳೂರು ರಸ್ತೆಯ ಹತ್ತಿರ ಇದೆ. ಮೊದಲು ಬಸ್ಸು, ಲಾರಿ ಎಲ್ಲ ಊರೊಳಗೇ ನುಗ್ಗುತ್ತಿದ್ದವು. ಗಾಜಿನ ಮೇಲೆ ದಿನಕ್ಕೆ ಎರಡು ಸಲ ಬಟ್ಟೆ ಆಡಿಸಬೇಕಿತ್ತು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆಯಿತಲ್ಲ, ಬೈಪಾಸ್ ಮೇಲೆ ಗಾಡಿ ಹೋಗಲು ಶುರುವಾದ ಮೇಲೆ ನನ್ನ ಅಂಗಡಿ ಮುಂದೆ ಧೂಳು ಕಡಿಮೆಯಾಗಿದೆ. ಆದರೂ ಬೆಳಗಿನ ಹೊಗೆ ಹಾಗೇ ಇದೆ. ಅಂದರೆ ಅದು ಗಾಡಿಯದ್ದಲ್ಲ, ಅಲ್ವಾ?

ವಿಜ್ಞಾನ ಮೇಷ್ಟ್ರು

ಅಮ್ಮಾ, ಬಹಳ ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಚಳಿಗಾಲದಲ್ಲಿ ನಮ್ಮ ಮಕ್ಕಳು ಒಂದು ಪುಸ್ತಕ ಇಡುತ್ತಿದ್ದಾರೆ. ಕೆಲಸ ಇಷ್ಟೇ: ಶಾಲೆ ಮೈದಾನದಲ್ಲಿ ನಿಂತು ಕರಿಘಟ್ಟ ಕಾಣುತ್ತಾ ಇಲ್ವಾ ಅಂತ ನೋಡಿ ಬರೆಯುವುದು. ಬೆಳಿಗ್ಗೆ ಬಂದ ತಕ್ಷಣ ಒಂದು ಸಲ, ಮೊದಲ ಬಿಡುವಿನಲ್ಲಿ ಒಂದು ಸಲ, ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಒಂದು ಸಲ. ಇದಕ್ಕೆ ಯಂತ್ರ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ಮಕ್ಕಳೇ ಕಂಡುಕೊಂಡ ವ್ಯತ್ಯಾಸ ಹೇಳುತ್ತೇನೆ. ಬರೀ ಮಂಜಿನ ದಿನ ಬೆಳಿಗ್ಗೆ ಬೆಟ್ಟ ಒಂಚೂರೂ ಕಾಣುವುದಿಲ್ಲ. ಬಿಸಿಲು ಏರಿದ ಹಾಗೆ ಪರದೆ ಎಳೆದಂತೆ ಮಂಜು ಹೋಗಿಬಿಡುತ್ತದೆ. ಆಮೇಲೆ ಬೆಟ್ಟದ ಮೇಲಿನ ದೇವಸ್ಥಾನವೂ, ಮೆಟ್ಟಿಲ ಸಾಲೂ ಸ್ವಚ್ಛವಾಗಿ ಕಾಣುತ್ತವೆ. ಹೊಗೆ ಸೇರಿದ ದಿನ ಹಾಗಲ್ಲ. ಬಿಳಿ ಹೋದರೂ ಕಂದು ಬಣ್ಣದ ತೆಳು ಪದರ ಉಳಿಯುತ್ತದೆ. ಬೆಟ್ಟದ ಆಕಾರ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಊಟದ ಹೊತ್ತಿನವರೆಗೂ ಹಾಗೇ ಇರುತ್ತದೆ. ಮಕ್ಕಳು ಇದಕ್ಕೆ "ಮಾಸಲು ದಿನ" ಅಂತ ಹೆಸರಿಟ್ಟಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಮಾಸಲು ದಿನಗಳೇ ಜಾಸ್ತಿ.

ಇನ್ನು ಕಾರಣ. ಚಳಿಗಾಲದ ರಾತ್ರಿ ಆಕಾಶ ನಿಚ್ಚಳವಾಗಿರುತ್ತದೆ, ಗಾಳಿ ಬೀಸುವುದಿಲ್ಲ. ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಇರುತ್ತದೆ. ಹಗಲಿನಲ್ಲಿ ನಾವು ಬಿಟ್ಟ ಹೊಗೆ ಒಂದು ಕಿಲೋಮೀಟರಿಗೂ ಮೇಲೆ ಹೋಗಿ ಹರಡುತ್ತದೆ. ಇಂಥ ರಾತ್ರಿ ನೂರಿನ್ನೂರು ಮೀಟರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊಗೆ ಅಷ್ಟೇ, ಅದು ಹರಡುವ ಜಾಗ ಮಾತ್ರ ಚಿಕ್ಕದು. ತಣ್ಣನೆ ಗಾಳಿ ನೀರಿನ ಹಾಗೇ ತಗ್ಗಿಗೆ ಹರಿಯುತ್ತದೆ. ನಮ್ಮ ಊರು ಕಾವೇರಿಯ ಎರಡು ಕವಲಿನ ನಡುವೆ ಇರುವ ದ್ವೀಪ. ಸುತ್ತಲಿನ ಗದ್ದೆ ಬಯಲಿನ ಚಳಿಯೂ ಹೊಗೆಯೂ ಹೊಳೆಯ ತಗ್ಗಿಗೇ ಬಂದು ನಿಲ್ಲುತ್ತವೆ. ಹೊಳೆಯ ತೇವ ಬೇರೆ. ಮಂಜಿನ ಹನಿ ಕಟ್ಟಿಕೊಳ್ಳಲು ಒಂದು ಕಣ ಬೇಕು. ಹೊಗೆಯ ಕಣ ಅದಕ್ಕೆ ಚೆನ್ನಾಗಿ ಒದಗುತ್ತದೆ. ನೀವು ನೋಡುವ ಬಿಳಿಯಲ್ಲಿ ಎರಡೂ ಇವೆ. ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ.

ನಂಬಿಕೆ ಬರದಿದ್ದರೆ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಕರಿಘಟ್ಟ ಹತ್ತಿ ನೋಡಿ. ಮೇಲೆ ನೀಲಿ ಆಕಾಶ. ಕೆಳಗೆ ಹೊಳೆಯ ಉದ್ದಕ್ಕೂ ಚಾಪೆ ಹಾಸಿದಂತೆ ಹೊಗೆ ಮಲಗಿರುತ್ತದೆ. ತೆಂಗಿನ ಮರದ ತಲೆಗಳು ಅದರಿಂದ ಮೇಲೆ ಬಂದಿರುತ್ತವೆ.

ಗಂಜಾಂ ಸೊಸೆ

ಮೇಷ್ಟ್ರೇ, ಬಹಳ ಧನ್ಯವಾದ. "ಮಾಸಲು ದಿನ" ಅನ್ನುವ ಮಾತನ್ನು ಮಾವನವರಿಗೆ ಓದಿ ಹೇಳಿದೆ. ಅವರು ಒಂದು ಮಾತು ಕೇಳಿದರು. ಮಳೆಗಾಲದಲ್ಲಿ ಮಳೆ ಬಂದು ಗಾಳಿ ತೊಳೆಯುತ್ತದೆ ಅಂತಾರೆ. ಆದರೆ ಆಷಾಢದಲ್ಲಿ ನಮ್ಮ ಕಡೆ ಮಳೆಯೇ ಅಷ್ಟಿರುವುದಿಲ್ಲವಲ್ಲ, ಆಗಲೂ ನನಗೆ ಯಾಕೆ ಹಗುರ ಅನ್ನಿಸುತ್ತದೆ ಅಂತ.

ವಿಜ್ಞಾನ ಮೇಷ್ಟ್ರು

ನಿಮ್ಮ ಮಾವನವರಿಗೆ ನಮಸ್ಕಾರ ಹೇಳಿ. ಪುಸ್ತಕದಲ್ಲಿ ಇಲ್ಲದ, ನಮ್ಮ ನೆಲದ ಮಾತು ಅದು.

ಜೂನ್, ಜುಲೈನಲ್ಲಿ ಕೊಡಗಿನಲ್ಲಿ ಮಳೆ ಸುರಿಯುತ್ತದೆ. ಕೆಆರ್‌ಎಸ್ 124.80 ಅಡಿಗೆ ತುಂಬುವುದು ಆ ನೀರಿನಿಂದ. ನಾವು ಘಟ್ಟದ ಈಚೆ, ಮಳೆ ನೆರಳಿನಲ್ಲಿದ್ದೇವೆ. ನಮಗೆ ಬರುವುದು ಸೋನೆ ಮತ್ತು ಆಷಾಢದ ಗಾಳಿ. ನಮ್ಮ ಜೋರು ಮಳೆ ಮೇ ತಿಂಗಳಲ್ಲಿ ಒಂದು ಸಲ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು ಸಲ. ಹಾಗಾಗಿ ಆಷಾಢದಲ್ಲಿ ನಮ್ಮೂರ ಗಾಳಿಯನ್ನು ಗುಡಿಸುವುದು ಹೆಚ್ಚಾಗಿ ಗಾಳಿಯೇ. ಅದು ಅರಬ್ಬೀ ಸಮುದ್ರದ ಕಡೆಯಿಂದ ಬರುತ್ತದೆ. ಹಗಲೂ ರಾತ್ರಿ ಬೀಸುತ್ತದೆ. ಮುಚ್ಚಳ ಕಟ್ಟಿಕೊಳ್ಳಲು ಬಿಡುವುದಿಲ್ಲ. ಮಳೆ ಹನಿ ದಪ್ಪ ಧೂಳನ್ನು ಚೆನ್ನಾಗಿ ಇಳಿಸುತ್ತದೆ. ಸಣ್ಣ ಹೊಗೆ ಕಣವನ್ನು ಅಷ್ಟಾಗಿ ಇಳಿಸುವುದಿಲ್ಲ. ಅದಕ್ಕೆ ಬೀಸುವ ಗಾಳಿಯೇ ಬೇಕು.

ಸ್ವಾತಿ ಮಳೆ ಮುಗಿದು ಗಾಳಿ ದಿಕ್ಕು ಬದಲಾದಾಗ ಎಲ್ಲ ತಿರುಗುತ್ತದೆ. ಆಗ ಈಶಾನ್ಯದಿಂದ, ಪೂರ್ವದಿಂದ ಒಣ ಗಾಳಿ ನಿಧಾನಕ್ಕೆ ಬರುತ್ತದೆ. ನಮ್ಮ ಆ ಕಡೆ ಏನಿದೆ? ಮಂಡ್ಯ ಕಡೆಯ ನಾಲೆ ಬಯಲು. ಅದೇ ಹೊತ್ತಿಗೆ ಅಲ್ಲಿ ಕೊಯ್ಲು.

ಹೆಬ್ಬಾಳ ಮೈಸೂರು

ನಾನು ಮೈಸೂರಿನವನು, ಕೆಲಸದ ಮೇಲೆ ದಿನಾ ಶ್ರೀರಂಗಪಟ್ಟಣ ದಾಟುತ್ತೇನೆ. ನಂಬರ್ ಬಗ್ಗೆ ಸ್ವಲ್ಪ ಹೇಳಬಹುದಾ?

ನಾನು ನೋಡುವ ಅಳತೆ ಕೇಂದ್ರ ಮೈಸೂರಿನ ಹೆಬ್ಬಾಳ ಮೊದಲ ಹಂತದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವುದು. ಅದರ ಲೆಕ್ಕ 'ಸಮೀರ್' ಆ್ಯಪ್‌ನಲ್ಲಿ ಸಿಗುತ್ತದೆ. ಫೋನಿನ ಹವಾಮಾನ ಆ್ಯಪ್‌ಗಳು ಶ್ರೀರಂಗಪಟ್ಟಣ ಅಂತ ಹೆಸರು ಹಾಕಿ ಒಂದು ನಂಬರ್ ತೋರಿಸುತ್ತವೆ. ಎಷ್ಟೋ ಸಲ ಅದು ಅಲ್ಲಿ ಯಂತ್ರ ಇಟ್ಟು ಅಳೆದದ್ದಲ್ಲ. ಉಪಗ್ರಹ, ಗಾಳಿ, ದೂರದ ಕೇಂದ್ರ ಎಲ್ಲ ಸೇರಿಸಿ ಕಂಪ್ಯೂಟರ್ ಲೆಕ್ಕ ಹಾಕಿದ್ದು. ಗಂಜಾಂನ ಬೀದಿಯಲ್ಲಿ ಆರು ಗಂಟೆಗೆ ನಿಂತ ಹೊಗೆ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಗೊಂದಲ ಇದೆ. ಎಕ್ಯುಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ಎಲ್ಲ ಕಡೆ ಒಂದೇ ಅಳತೆ ಅಲ್ಲ. ಪಿಎಂ 2.5 ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ತಲೆಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗ ಅಂದುಕೊಳ್ಳಿ. ಅದು ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಸೂಚ್ಯಂಕ 100 ಅನ್ನುತ್ತದೆ, ಅಂದರೆ "ಪರವಾಗಿಲ್ಲ" ಅನ್ನುವ ಅಂಚು. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟುತ್ತದೆ. ಒಬ್ಬರ ಫೋನಿನಲ್ಲಿ ಹಸಿರು, ಇನ್ನೊಬ್ಬರ ಫೋನಿನಲ್ಲಿ ಕೆಂಪು. ಯಾರ ಫೋನೂ ಸುಳ್ಳು ಹೇಳುತ್ತಿಲ್ಲ, ಅಳತೆಗೋಲು ಬೇರೆ ಅಷ್ಟೇ. ನಮ್ಮ ದೇಶದ 2009ರ ಮಾನದಂಡ ದಿನದ ಸರಾಸರಿಗೆ 60ರವರೆಗೆ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಅಂತ ಹೇಳಿದೆ. ಈ ಎರಡರ ನಡುವಿನ ಗಾಳಿಯಲ್ಲಿ ನಮ್ಮ ಅಜ್ಜ, ಅಜ್ಜಿ, ಮಕ್ಕಳು ಉಸಿರಾಡುತ್ತಿರುತ್ತಾರೆ. ಆ್ಯಪ್ ಮಾತ್ರ ಹಸಿರೇ ತೋರಿಸುತ್ತಿರುತ್ತದೆ. ನನಗೆ ಬೇಜಾರಾಗುವುದು ಅದಕ್ಕೆ.

ನಮ್ಮ ಸೂಚ್ಯಂಕ 24 ಗಂಟೆಯ ಸರಾಸರಿಯ ಮೇಲೆ ನಿಂತಿದೆ. ನಮ್ಮಂಥ ಊರಲ್ಲಿ ಕಷ್ಟ ಇರುವುದು ಬೆಳಗಿನ ಹೊತ್ತು ಮೂರು ಗಂಟೆ ಕಾಲ ಮಾತ್ರ. ಮಧ್ಯಾಹ್ನದ ಒಳ್ಳೆ ಗಾಳಿ ಸೇರಿ ಸರಾಸರಿ ಇಳಿದುಬಿಡುತ್ತದೆ.

ಪೇಟೆ ಬೀದಿ

ಸಾರ್, ಹಾಗಿದ್ದರೆ ಒಂದು ಸಣ್ಣ ಮೀಟರ್ ತಂದು ಇಡಬಹುದಲ್ಲ? ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂತ ನನ್ನ ಮಗ ಹೇಳುತ್ತಿದ್ದ.

ಹೆಬ್ಬಾಳ ಮೈಸೂರು

ಇಡಬಹುದು. ನನ್ನ ಹತ್ತಿರ ಒಂದು ಇದೆ. ಕಳೆದ ತಿಂಗಳು ಶ್ರೀರಂಗಪಟ್ಟಣದಲ್ಲಿ ಸ್ನೇಹಿತನ ಮನೆ ಮಹಡಿ ಮೇಲೆ ಒಂದು ವಾರ ಇಟ್ಟಿದ್ದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮೂರಂಕಿ, ಮಧ್ಯಾಹ್ನ ಎರಡಂಕಿ. ಆದರೆ ಆ ಮೂರಂಕಿಯನ್ನು ಪೂರ್ತಿ ನಂಬಬೇಡಿ.

ಈ ಸಣ್ಣ ಯಂತ್ರಗಳು ಬೆಳಕು ಬಿಟ್ಟು, ಕಣಕ್ಕೆ ತಾಗಿ ಅದು ಎಷ್ಟು ಚದುರಿತು ಅಂತ ನೋಡುತ್ತವೆ. ಹೊಳೆ ದಂಡೆಯಲ್ಲಿ ಬೆಳಗಿನ ತೇವ ಜಾಸ್ತಿ. ತೇವ ಹೀರಿಕೊಂಡ ಕಣ ಊದಿಕೊಳ್ಳುತ್ತದೆ. ಯಂತ್ರಕ್ಕೆ ಅದು ದೊಡ್ಡ ಕಣದ ಹಾಗೆ ಕಾಣುತ್ತದೆ. ಮಂಜಿನ ಹನಿಯನ್ನೂ ಹೊಗೆ ಅಂತ ಎಣಿಸಿಬಿಡುತ್ತದೆ. ಸರ್ಕಾರಿ ಕೇಂದ್ರದ ದೊಡ್ಡ ಯಂತ್ರಗಳಲ್ಲಿ ಒಳಗೆ ಎಳೆದುಕೊಂಡ ಗಾಳಿಯನ್ನು ಬಿಸಿ ಮಾಡಿ ಒಣಗಿಸುವ ವ್ಯವಸ್ಥೆ ಇರುತ್ತದೆ. ನಮ್ಮದರಲ್ಲಿ ಅದಿಲ್ಲ. ಹಾಗಾಗಿ ನಾನು ಮಂಜು ಇರುವ ಹೊತ್ತಿನ ನಂಬರ್ ಬಿಟ್ಟು, ಮಂಜು ಕರಗಿದ ಮೇಲೆ ಒಂಬತ್ತೂವರೆಯ ನಂಬರ್ ನೋಡುತ್ತೇನೆ. ಅದೂ ಮಧ್ಯಾಹ್ನಕ್ಕಿಂತ ತುಂಬಾ ಮೇಲಿದ್ದರೆ ಹೊಗೆ ಇದೆ ಅಂತಲೇ ಅರ್ಥ. ಆ ವಾರದ ಏಳು ದಿನದಲ್ಲಿ ಐದು ದಿನ ಹಾಗಿತ್ತು. ಮೇಷ್ಟ್ರ ಮಕ್ಕಳು ಬೆಟ್ಟ ನೋಡಿ ಹೇಳಿದ್ದೂ ಇದೇ. ಅವರ ಪುಸ್ತಕದ ಪಕ್ಕ ನನ್ನ ಲೆಕ್ಕ ಇಟ್ಟು ನೋಡಬೇಕು ಅಂತ ಆಸೆ ಆಗಿದೆ.

ನಾಲೆ ಬಯಲು

ಎಲ್ಲರೂ ಕೊನೆಗೆ ರೈತರ ಮೇಲೇ ಬರುತ್ತೀರಿ ಅಂತ ಗೊತ್ತಿತ್ತು. ನಾನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನವನು. ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ. ಅಕ್ಕನ ರಂಗೋಲಿ ಮೇಲೆ ಬಿದ್ದಿದ್ದು ತರಗಿನ, ಅಂದರೆ ಕಬ್ಬಿನ ಒಣ ಎಲೆಯ ಕರಿಯೇ, ಇಲ್ಲ ಅನ್ನುವುದಿಲ್ಲ. ನಾನೂ ಸುಟ್ಟಿದ್ದೇನೆ. ಯಾಕೆ ಸುಡುತ್ತೇವೆ ಅಂತಲೂ ಕೇಳಿ.

ಕಬ್ಬು ಕಡಿದ ಮೇಲೆ ಒಂದು ಎಕರೆಗೆ ಮೂರು, ನಾಲ್ಕು ಟನ್ ತರಗು ಬೀಳುತ್ತದೆ. ಹಸಿ ಸೋಗೆ ದನಕ್ಕೆ ಹೋಗುತ್ತದೆ. ಒಣ ತರಗು ದನ ತಿನ್ನುವುದಿಲ್ಲ. ಮೊಣಕಾಲುದ್ದ ಬಿದ್ದಿರುತ್ತದೆ. ಅದರ ಮೇಲೆ ನೀರು ಹರಿಯುವುದಿಲ್ಲ, ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬಿಟ್ಟಾಗ ನಮ್ಮ ಸರದಿ ಮುಗಿಯುವುದರೊಳಗೆ ಗದ್ದೆ ತುದಿ ಮುಟ್ಟಬೇಕು. ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡಬೇಕಾದರೆ ಬುಡ ಸವರಬೇಕು, ತರಗಿನೊಳಗೆ ಕೈ ಹಾಕಲು ಆಳುಗಳು ಹೆದರುತ್ತಾರೆ, ಹಾವು ಇರುತ್ತದೆ. ಆಳೇ ಸಿಗುವುದಿಲ್ಲ. ಕಬ್ಬು ಕಡಿಯಲು ಬಳ್ಳಾರಿ ಕಡೆಯವರು ಬರಬೇಕು. ಒಂದು ಬೆಂಕಿ ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ನೆಲ ಖಾಲಿ. ಬೇರೆ ದಾರಿಗೆ ಕೂಲಿ ಯಾರು ಕೊಡುತ್ತಾರೆ?

ಭತ್ತದ ಹುಲ್ಲನ್ನು ಮಾತ್ರ ನಮ್ಮ ಕಡೆ ಸುಡುವವರು ಕಡಿಮೆ. ಹುಲ್ಲು ದನಕ್ಕೆ ಬೇಕು, ಮಾರಿದರೂ ದುಡ್ಡು. ಈಗ ಯಂತ್ರದಲ್ಲಿ ಕೊಯ್ಯುವುದರಿಂದ ಹುಲ್ಲು ಚೆಲ್ಲಾಪಿಲ್ಲಿ ಆಗುತ್ತದೆ, ಕೂಳೆ ಎತ್ತರಕ್ಕೆ ಉಳಿಯುತ್ತದೆ. ಅಂಥ ಕಡೆ ಸುಡುವುದನ್ನು ಈಚೆಗೆ ನೋಡುತ್ತಿದ್ದೇನೆ.

ಗಂಜಾಂ ಸೊಸೆ

ಅಣ್ಣ, ನಿಮ್ಮ ಮೇಲೆ ತಪ್ಪು ಹೊರಿಸಲು ಬರೆದಿದ್ದಲ್ಲ. ನಮ್ಮ ಮನೆಯ ಅಕ್ಕಿ, ಬೆಲ್ಲ ನಿಮ್ಮ ಗದ್ದೆಯಿಂದಲೇ ಬರುವುದು. ನೀವು ಬಂದು ಇದ್ದಿದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಸಂತೋಷ ಆಯಿತು. ಆದರೆ ಮಾವನವರು ರಾತ್ರಿ ಉಸಿರಿಗೆ ಎದ್ದು ಕೂತಾಗ ನನಗೆ ಏನೂ ತೋಚುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಆರೋಗ್ಯ ಕಾರ್ಯಕರ್ತೆ

ಗಂಜಾಂ ಅಕ್ಕ, ಮೊದಲು ಮಾವನವರ ವಿಷಯ. ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಸ್ಪೈರೋಮೆಟ್ರಿ ಅಂತ ಒಂದು ಪರೀಕ್ಷೆ ಇದೆ. ಮೂರು ವರ್ಷ ಒಂದೇ ಕಾಲಕ್ಕೆ ಕೆಮ್ಮು ಬರುತ್ತಿದೆ ಅಂದರೆ ಅದನ್ನು ಮಾಡಿಸಲೇಬೇಕು. ಸಿರಪ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಕಫದ ಪರೀಕ್ಷೆಯನ್ನೂ ಮಾಡಿಸಿ. ಎರಡು ವಾರ ಮೀರಿದ ಕೆಮ್ಮು ಯಾರಿಗೇ ಇದ್ದರೂ ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಇಲ್ಲ.

ಡಾಕ್ಟರು ಪಂಪ್ (ಇನ್‌ಹೇಲರ್) ಬರೆದುಕೊಟ್ಟರೆ ಬೇಡ ಅನ್ನಬೇಡಿ. ನಮ್ಮ ಕಡೆ "ಪಂಪ್ ಹಿಡಿದರೆ ಸಾಯುವ ತನಕ ಬಿಡಲ್ಲ" ಅನ್ನುವ ಭಯ ಬಹಳ ಇದೆ. ಅದು ಚಟ ಹಿಡಿಸುವ ಮದ್ದಲ್ಲ. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಸ್ವಲ್ಪವೇ ಸಾಕಾಗುತ್ತದೆ. ಈ ಭಯದಿಂದ ಕಷ್ಟಪಟ್ಟವರನ್ನು ನಾನು ಮನೆ ಮನೆಯಲ್ಲಿ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು, ಅವರ ನಡಿಗೆ ನಿಲ್ಲಿಸಬೇಡಿ, ಹೊತ್ತು ಬದಲಿಸಿ. ಐದೂವರೆ ಬೇಡ. ಈ ನಾಲ್ಕು ತಿಂಗಳು ಒಂಬತ್ತೂವರೆ ಮೇಲೆ ಹೋಗಲಿ, ಇಲ್ಲ ಸಂಜೆ ನಾಲ್ಕಕ್ಕೆ. ಬೆಳಗಿನ ತಂಪು ಗಾಳಿ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಬೆಳೆದಿದ್ದೇವೆ. ಆಷಾಢಕ್ಕೆ ಅದು ಸರಿ, ಪುಷ್ಯ ಮಾಸಕ್ಕೆ ಅಲ್ಲ. ಕಿಟಕಿ ಕೂಡ ಹಾಗೇ. ಸಂಜೆ ಹೊಗೆ ಏಳುವ ಮುಂಚೆ ಮುಚ್ಚಿ, ಬಿಸಿಲು ಬಂದ ಮೇಲೆ ತೆಗೆಯಿರಿ. ಬಟ್ಟೆ ಮಾಸ್ಕ್, ಟವೆಲ್ ಹೊಗೆಗೆ ಅಡ್ಡ ಆಗುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಎನ್95 ಹಾಕಿಸಿ, ಮೂಗಿನ ಹತ್ತಿರ ಸಂದು ಇರದ ಹಾಗೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಮನೆಯಲ್ಲಿ ಸ್ನಾನಕ್ಕೆ ನೀರು ಹೇಗೆ ಕಾಯಿಸುತ್ತೀರಿ?

ಗಂಜಾಂ ಸೊಸೆ

ಹಂಡೆ ಒಲೆ. ತೆಂಗಿನ ಸಿಪ್ಪೆ, ಎಡೆಮಟ್ಟೆ, ಗರಿ ಹಾಕುತ್ತೇವೆ. ಬೆಳಿಗ್ಗೆ ಐದಕ್ಕೆ ನಾನೇ ಹಚ್ಚುವುದು. ಬೇಗ ಹತ್ತಿಕೊಳ್ಳಲಿ ಅಂತ ಹಾಲಿನ ಕವರ್ ಹಾಕುತ್ತೇನೆ. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಏನೋ ಆಯಿತು.

ಆರೋಗ್ಯ ಕಾರ್ಯಕರ್ತೆ

ನಮ್ಮಮ್ಮನೂ ಹಾಗೇ ಮಾಡುತ್ತಿದ್ದರು ಅಕ್ಕ. ನಮ್ಮ ಬೀದಿಯಲ್ಲಿ ಹತ್ತು ಮನೆ ಇದ್ದರೆ ಏಳು ಮನೆಯಲ್ಲಿ ಇದೇ. ಗ್ಯಾಸ್ ಬಂದ ಮೇಲೆ ಅಡುಗೆ ಮನೆ ಹೊಗೆ ಹೋಯಿತು, ಬಚ್ಚಲ ಮನೆ ಹೊಗೆ ಉಳಿಯಿತು. ಅದು ಏಳುವುದೂ ಮುಚ್ಚಳ ಬಿಗಿದಿರುವ ಐದು, ಆರು ಗಂಟೆಗೇ. ಕವರ್ ಹಾಕುವುದನ್ನು ನಾಳೆಯೇ ಬಿಟ್ಟುಬಿಡಿ. ಪ್ಲಾಸ್ಟಿಕ್ ಹೊಗೆಯಲ್ಲಿ ಸೌದೆ ಹೊಗೆಗಿಂತ ಕೆಟ್ಟ ವಿಷಗಳು ಇರುತ್ತವೆ. ಚೆನ್ನಾಗಿ ಒಣಗಿದ ಸೌದೆ ಹಾಕಿದರೆ ಹೊಗೆ ಅರ್ಧಕ್ಕೆ ಇಳಿಯುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಆಗುವುದಾದರೆ ಸೋಲಾರ್. ನಮ್ಮ ಕಡೆ ಡಿಸೆಂಬರ್‌ನಲ್ಲೂ ಬಿಸಿಲಿಗೆ ಕೊರತೆ ಇಲ್ಲ. ಸಾಲ ಮಾಡಿ ಹಾಕಿಸಿಕೊಂಡೆವು, ನಾನು ಪಶ್ಚಾತ್ತಾಪ ಪಟ್ಟಿಲ್ಲ.

ಆಲೆಮನೆ ಹುಡುಗ

ನಮ್ಮ ತಂದೆಯವರದ್ದು ಆಲೆಮನೆ. ಯಾರೂ ಇನ್ನೂ ಆಲೆಮನೆ ಹೆಸರು ಎತ್ತಿಲ್ಲ, ಅದಕ್ಕೆ ನಾನೇ ಎತ್ತುತ್ತೇನೆ. ಕಬ್ಬು ಅರೆದ ಮೇಲೆ ಉಳಿಯುವ ರಚ್ಚನ್ನು ಬಿಸಿಲಿಗೆ ಹರಡಿ ಒಣಗಿಸಿ ಅದೇ ಒಲೆಗೆ ಹಾಕಿದರೆ ಕೊಪ್ಪರಿಗೆ ಕುದಿಯಲು ಬೇರೆ ಸೌದೆಯೇ ಬೇಡ. ನಮ್ಮ ತಾತ ಹಾಗೇ ನಡೆಸಿದರು. ಒಣಗಿದ ರಚ್ಚು ಉರಿದರೆ ಚಿಮಣಿಯಿಂದ ತೆಳ್ಳಗೆ ಹೊಗೆ ಬರುತ್ತದೆ. ಅರೆಹಸಿ ರಚ್ಚು ಹಾಕಿದರೆ ಗಟ್ಟಿ ಬಿಳಿ ಹೊಗೆ. ಚಳಿಗಾಲದಲ್ಲಿ ಇಬ್ಬನಿ ಬಿದ್ದು ರಚ್ಚು ಬೇಗ ಒಣಗುವುದಿಲ್ಲ. ಆಗ ಕೆಲವರು ಹಳೇ ಟೈರು, ಪ್ಲಾಸ್ಟಿಕ್, ಚಪ್ಪಲಿ ತುಂಡು ತರಿಸಿ ಹಾಕುತ್ತಾರೆ. ಅಗ್ಗಕ್ಕೆ ಸಿಗುತ್ತದೆ, ಉರಿ ಜೋರು. ಹೊಗೆ ಕಡುಗಪ್ಪು. ನಾವು ಹಾಕುವುದಿಲ್ಲ. ಆದರೆ ನಾವು ಮಾಡುವ ಬೆಲ್ಲಕ್ಕೂ ಅವರ ಬೆಲ್ಲಕ್ಕೂ ಮಾರುಕಟ್ಟೆಯಲ್ಲಿ ಒಂದೇ ರೇಟು. ಇದು ನನಗೆ ಬಹಳ ನೋವಿನ ವಿಷಯ. ಬೆಲ್ಲ ಕೊಳ್ಳುವವರು ಒಮ್ಮೆ ಆಲೆಮನೆಗೆ ಬಂದು ಒಲೆ ಬಾಯಿ ನೋಡಿ ಕೊಳ್ಳಿ. ನಮ್ಮಲ್ಲಿಗೆ ಬಂದರೆ ಬಿಸಿ ಬೆಲ್ಲವನ್ನೂ ಕೊಡುತ್ತೇವೆ.

ಪಾಂಡವಪುರ ಕಡೆಯವರು

ಬೇಸಿಗೆ ಬಗ್ಗೆಯೂ ಎರಡು ಮಾತು. ಫೆಬ್ರವರಿಯಿಂದ ಮೇವರೆಗೆ ನಮ್ಮ ಕಷ್ಟ ಹೊಗೆಯಲ್ಲ, ಧೂಳು. ಬೇಬಿ ಬೆಟ್ಟದ ಸುತ್ತ ಕಲ್ಲು ಗಣಿ ನಡೆಯುತ್ತಿದ್ದಾಗ ಮಾವಿನ ಎಲೆ ಹಸಿರು ಕಾಣುತ್ತಿರಲಿಲ್ಲ. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ಹೇಳಿತು. ಅದು ಅಣೆಕಟ್ಟೆಯ ಭದ್ರತೆಗಾಗಿ. ಆದರೂ ನಮ್ಮ ಉಸಿರಿಗೂ ಒಳ್ಳೆಯದೇ ಆಗುತ್ತದೆ. ಧೂಳು ದಪ್ಪ, ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಮೇ ತಿಂಗಳ ಒಂದು ಜೋರು ಮಳೆಗೆ ಇಳಿದುಹೋಗುತ್ತದೆ. ಹೊಗೆ ಹಾಗಲ್ಲ ಅಂತ ಈಗ ಓದಿ ತಿಳಿಯಿತು.

ಪೇಟೆ ಬೀದಿ

ಕಸದ ವಿಷಯ ಬಿಟ್ಟಿರಿ. ನಮ್ಮ ಬೀದಿ ಕೊನೆಯಲ್ಲಿ ಗುಡಿಸಿದ ಎಲೆ, ಕವರ್ ಎಲ್ಲ ಒಟ್ಟು ಮಾಡಿ ಬೆಳಿಗ್ಗೆ ಬೆಂಕಿ ಇಡುತ್ತಾರೆ. ಕೇಳಿದರೆ ಗಾಡಿ ಬರಲಿಲ್ಲ ಅನ್ನುತ್ತಾರೆ. ಹೊಗೆ ನೇರ ಎದುರುಗಡೆ ಮನೆಯ ಬಾಣಂತಿ ಕೋಣೆಗೆ ಹೋಗುತ್ತಿತ್ತು. ಇದಕ್ಕೆ ಕಾನೂನು ಇಲ್ವಾ?

ಹೆಬ್ಬಾಳ ಮೈಸೂರು

ಇದೆ. 2016ರ ಘನತ್ಯಾಜ್ಯ ನಿಯಮದಲ್ಲೇ ಬಯಲಲ್ಲಿ ಕಸ ಸುಡಬಾರದು ಅಂತ ಇತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಣ್ಣ ಪ್ರಮಾಣದಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಆದರೆ ಪೌರಕಾರ್ಮಿಕರ ಮೇಲೆ ಹೋಗಬೇಡಿ. ಎಲೆ ಹಾಕಲು ಅವರಿಗೆ ಒಂದು ಗುಂಡಿ ತೋರಿಸಿ. ನಮ್ಮ ಬಡಾವಣೆ ಪಾರ್ಕಿನಲ್ಲಿ ಸುಡುವುದು ಹಾಗೇ ನಿಂತಿದ್ದು. ಒಂದು ಮೂಲೆಯಲ್ಲಿ ಎಲೆ ಗುಂಡಿ ಮಾಡಿಸಿದೆವು. ಈಗ ಗಿಡಗಳಿಗೆ ಅದೇ ಗೊಬ್ಬರ.

ಇನ್ನೊಂದು ಮಾತು. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಕರ್ನಾಟಕದಿಂದ ಅದಕ್ಕೆ ಸೇರಿಸಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಸಣ್ಣ ಊರುಗಳು ಇಲ್ಲ. ಬೆಂಕಿ ಎಲ್ಲಿ ಬಿತ್ತು ಅಂತ ತೋರಿಸುವ ಉಪಗ್ರಹಗಳೂ ನಮ್ಮ ಮೇಲೆ ಹಾದುಹೋಗುವುದು ಹೆಚ್ಚಾಗಿ ಮಧ್ಯಾಹ್ನ ಒಂದೂವರೆ ಮತ್ತು ನಡುರಾತ್ರಿ ಒಂದೂವರೆ ಸುಮಾರಿಗೆ. ಸಂಜೆ ಆರಕ್ಕೆ ಹಚ್ಚಿ ಏಳಕ್ಕೆ ಆರುವ ಅರ್ಧ ಎಕರೆ ತರಗಿನ ಬೆಂಕಿ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಮ್ಮ ಲೆಕ್ಕ ನಾವೇ ಇಡಬೇಕು.

ವಿಜ್ಞಾನ ಮೇಷ್ಟ್ರು

ನಾಲೆ ಬಯಲಿನ ಗೌಡರೇ, ನಿಮ್ಮನ್ನೇ ಒಂದು ಕೇಳಬೇಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದವರು ತರಗನ್ನು ಸಾಲಿನ ನಡುವೆ ಹೊದಿಕೆಯಾಗಿ ಬಿಡಿ ಅಂತ ಹೇಳುತ್ತಾರಲ್ಲ. ಕಳೆ ಬರುವುದಿಲ್ಲ, ತೇವ ಉಳಿಯುತ್ತದೆ, ಕೊಳೆತು ಗೊಬ್ಬರ ಆಗುತ್ತದೆ. ಅದು ನಿಜವಾಗಿ ಗದ್ದೆಯಲ್ಲಿ ನಡೆಯುತ್ತದಾ? ಸುಡುವುದೇ ಆದರೆ ಹೊತ್ತು ಬದಲಿಸಿದರೂ ಬಹಳ ವ್ಯತ್ಯಾಸ ಆಗುತ್ತದೆ. ಸಂಜೆ ಹಚ್ಚಿದ ಹೊಗೆ ರಾತ್ರಿಯೆಲ್ಲ ಕೆಳಗೇ ಇರುತ್ತದೆ. ಮಧ್ಯಾಹ್ನ ಹನ್ನೆರಡರ ಹೊಗೆ ಮೇಲೆ ಹೋಗುತ್ತದೆ.

ನಾಲೆ ಬಯಲು

ಮಧ್ಯಾಹ್ನ ಆಗುವುದಿಲ್ಲ ಮೇಷ್ಟ್ರೇ. ಬಿಸಿಲಲ್ಲಿ ಗಾಳಿ ತಿರುಗಿದರೆ ಪಕ್ಕದವರ ನಿಂತ ಕಬ್ಬಿಗೆ ಹತ್ತಿಕೊಳ್ಳುತ್ತದೆ. ಸುಟ್ಟ ಕಬ್ಬಿಗೆ ಕಾರ್ಖಾನೆಯಲ್ಲಿ ದುಡ್ಡು ಕಡಿತ. ಅದಕ್ಕೇ ಎಲ್ಲರೂ ಸಂಜೆ ಗಾಳಿ ನಿಂತ ಮೇಲೆ ಹಚ್ಚುವುದು. ನೀವು ಹೇಳಿದ ಗಾಳಿ ನಿಂತ ಹೊತ್ತು, ನಮಗೆ ಕ್ಷೇಮದ ಹೊತ್ತು. ಎರಡೂ ಒಂದೇ ಹೊತ್ತು ಅಂತ ಈಗ ತಿಳಿಯಿತು.

ಹೊದಿಕೆ ಬಗ್ಗೆ ಹೇಳುತ್ತೇನೆ. ಎಲ್ಲ ಸಾಲಿಗೂ ಹಾಕಿದರೆ ನೀರು ಕಟ್ಟಲು ಆಗುವುದಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಹಾಕಿ, ಖಾಲಿ ಸಾಲಲ್ಲಿ ನೀರು ಬಿಟ್ಟರೆ ನಡೆಯುತ್ತದೆ ಅಂತ ನಮ್ಮ ಪಕ್ಕದ ಊರಿನ ಒಬ್ಬರು ಮಾಡಿ ತೋರಿಸಿದ್ದಾರೆ. ಮೇಲೆ ಸ್ವಲ್ಪ ಯೂರಿಯಾ ಚೆಲ್ಲಬೇಕು, ಬೇಗ ಕೊಳೆಯುತ್ತದೆ. ಎಳೆದು ಹಾಕಲು ಆಳು ಬೇಕು, ಅದೇ ತೊಡಕು. ತರಗು ಪುಡಿ ಮಾಡುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ ಹೊಡೆಯಬಹುದು. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಬೇಕು. ಎಲ್ಲರ ಕಬ್ಬೂ ಒಂದೇ ಸಲ ಕಡಿಯುವಾಗ ಒಂದು ಯಂತ್ರ ಎಷ್ಟು ಜನಕ್ಕೆ ಸಿಗುತ್ತದೆ? ಆದರೂ ಕೇಳುತ್ತೇನೆ. ಅಕ್ಕ ಬರೆದಿದ್ದನ್ನು ಮನೆಯಲ್ಲಿ ಓದಿದೆ. ನಮ್ಮ ತಾಯಿಗೂ ಇದೇ ಕೆಮ್ಮು ಇದೆ. ಅವರ ಮಂಚ ಗದ್ದೆ ಕಡೆ ಕಿಟಕಿಯ ಹತ್ತಿರ ಇದೆ.

ಗಂಜಾಂ ಸೊಸೆ (ಮೂರು ವಾರ ಕಳೆದ ಮೇಲೆ)

ಎಲ್ಲರಿಗೂ ಹೇಳಬೇಕು ಅನ್ನಿಸಿತು. ಮಾವನವರಿಗೆ ಊದಿಸುವ ಪರೀಕ್ಷೆ ಮಾಡಿಸಿದೆವು. ಶ್ವಾಸನಾಳ ಕಿರಿದಾಗಿದೆ ಅಂದರು. ಕಫದಲ್ಲಿ ಏನೂ ಇಲ್ಲ. ಪಂಪ್ ಕೊಟ್ಟಿದ್ದಾರೆ. ಮೊದಲ ಎರಡು ದಿನ ಬೇಡ ಅಂದರು, ಆಮೇಲೆ ತಗೊಂಡರು. ರಾತ್ರಿ ಮಲಗುತ್ತಿದ್ದಾರೆ. ನಡಿಗೆ ಈಗ ಹತ್ತು ಗಂಟೆಗೆ. "ಜೊತೆಯವರು ಯಾರೂ ಸಿಗುವುದಿಲ್ಲ" ಅಂತ ಬೇಜಾರು ಇತ್ತು, ಈಗ ಇನ್ನಿಬ್ಬರು ಹಿರಿಯರು ಹತ್ತಕ್ಕೇ ಬರುತ್ತಿದ್ದಾರೆ.

ಒಲೆಗೆ ಕವರ್ ಹಾಕುವುದು ಬಿಟ್ಟೆ. ಸಿಪ್ಪೆಯನ್ನು ಮಹಡಿ ಮೇಲೆ ಒಣಗಿಸಿ ಚೀಲಕ್ಕೆ ಹಾಕಿಡುತ್ತೇನೆ. ಪಕ್ಕದ ಮೂರು ಮನೆಯವರಿಗೂ ಹೇಳಿದೆ. ಇಬ್ಬರು ಕೇಳಿದರು, ಒಬ್ಬರು ಕೇಳಲಿಲ್ಲ. ರಂಗೋಲಿ ಮೇಲೆ ಕರಿ ಇನ್ನೂ ಬೀಳುತ್ತಿದೆ. ನಿನ್ನೆಯೂ ಬಿದ್ದಿತ್ತು.

ವಿಜ್ಞಾನ ಮೇಷ್ಟ್ರು

ಮಾವನವರು ಮಲಗುತ್ತಿದ್ದಾರೆ ಅಂತ ಓದಿ ಸಮಾಧಾನ ಆಯಿತು. ನಮ್ಮ ಮಕ್ಕಳು ಈಗ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿದ್ದಾರೆ, "ರಂಗೋಲಿ ಮೇಲೆ ಕರಿ ಇದೆಯಾ". ಪ್ರತಿಯೊಬ್ಬರೂ ಅವರವರ ಮನೆ ಬಾಗಿಲು ನೋಡಿ ಬರುತ್ತಾರೆ. ಯಾವ ಬೀದಿಯಲ್ಲಿ ಯಾವ ದಿನ ಬಿತ್ತು ಅಂತ ಗೊತ್ತಾದರೆ ಗಾಳಿ ಯಾವ ಕಡೆಯಿಂದ ತಂದಿತು ಅಂತಲೂ ಗೊತ್ತಾಗುತ್ತದೆ. ಹೆಬ್ಬಾಳದ ಸರ್ ಮೀಟರ್ ತಂದು ಶಾಲೆಯಲ್ಲಿ ಇಟ್ಟು ಹೋಗಿದ್ದಾರೆ. ಒಂಬತ್ತೂವರೆಯ ನಂಬರ್ ಮಾತ್ರ ಬರೆಯಿರಿ ಅಂತ ಮಕ್ಕಳಿಗೆ ಹೇಳಿದ್ದಾರೆ.

ನಾಲೆ ಬಯಲು

ಕಳೆದ ಸೋಮವಾರ ಕಬ್ಬು ಕಡಿಸಿದೆ. ಯಂತ್ರ ಸಿಗಲಿಲ್ಲ, ಸರದಿ ಬರಲು ಇನ್ನೂ ಹದಿನೈದು ದಿನ ಅಂದರು. ಒಂದೂವರೆ ಎಕರೆಗೆ ಬೆಂಕಿ ಹಾಕಿಬಿಟ್ಟೆ, ಸುಳ್ಳು ಹೇಳುವುದಿಲ್ಲ. ಅಕ್ಕನ ಬಾಗಿಲಿಗೆ ನಿನ್ನೆ ಬಿದ್ದಿದ್ದು ನಮ್ಮದೇ ಇರಬಹುದು. ಉಳಿದ ಅರ್ಧ ಎಕರೆಯಲ್ಲಿ ನಾನೂ ನಮ್ಮ ಹೆಂಡತಿಯೂ ಎರಡು ದಿನ ಕೂತು ತರಗನ್ನು ಸಾಲು ಬಿಟ್ಟು ಸಾಲು ಎಳೆದು ಹಾಕಿದ್ದೇವೆ. ಬುಡ ಸವರಿ ಒಂದು ನೀರು ಕೊಟ್ಟಾಯಿತು. ಖಾಲಿ ಸಾಲಲ್ಲಿ ನೀರು ತುದಿ ಮುಟ್ಟಿತು.

ಕೂಳೆ ಮೊಳಕೆ ಬಂದಾಗ ಎರಡೂ ಕಡೆಯ ಫೋಟೋ ಹಾಕುತ್ತೇನೆ. ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಬಂದು ನೋಡಲಿ. ನೀರು ಬಿಟ್ಟ ದಿನ ಮಾತ್ರ ಬೇಡ, ಬದು ಜಾರುತ್ತದೆ.